ಕಲೆಯಿಲ್ಲದ ಕರುಳು

"ಇದು ಕೋಳಿ ಕರುಳಾ, ಇಲ್ಲಾ ಪಾಠದ ಪುಸ್ತಕದ ಚಿತ್ರಾನಾ?" ಎಂದರು ಅತ್ತಿಗೆ.

ಕೇಳಿದ್ದು ನನ್ನನ್ನಲ್ಲ, ಕರುಳನ್ನು. ಉದ್ದಕ್ಕೆ ಸೀಳಿದ ಕರುಳು ಸ್ಟೀಲ್ ತಟ್ಟೆಯ ಮೇಲೆ ದೀಪದ ಕೆಳಗೆ ಮಲಗಿತ್ತು. ಸೀಳಿದ ಅಂಚುಗಳು ತಮ್ಮಷ್ಟಕ್ಕೆ ತಾವೇ ಸುರುಳಿ ಸುತ್ತಿಕೊಳ್ಳುತ್ತಿದ್ದವು. ಹಾಗೆ ಸುತ್ತಿಕೊಂಡರೆ ಕರುಳಿನಲ್ಲಿ ಕಸುವಿದೆ ಎಂದರ್ಥ. ಸೊರಗಿದ ಕರುಳಾದರೆ ಒದ್ದೆ ಬಟ್ಟೆಯ ಹಾಗೆ ಬಿದ್ದಲ್ಲೇ ಬಿದ್ದಿರುತ್ತದೆ. ಇದನ್ನೆಲ್ಲ ನಾನು ಕಲಿತದ್ದು ಇಲ್ಲಿಗೆ ಬಂದ ಮೇಲೆ. ನನ್ನ ಕಸುಬು ಮದುವೆ ಫೋಟೋ ತೆಗೆಯುವುದು.

"ಮೇಲಿನ ಭಾಗ ಸೊನ್ನೆ. ನಡುವಿನ ಭಾಗ ಸೊನ್ನೆ. ಕೊನೆಯ ಚೀಲಗಳೂ ಸೊನ್ನೆ. ಡಬ್ಬಿ ತೆಗಿಯಪ್ಪ ಫೋಟೋಗ್ರಾಫರೇ, ಕಾಲಿನ ಬಳೆ ಯಾವ ಬಣ್ಣ ನೋಡು."

ತಟ್ಟೆಯ ಪಕ್ಕದ ಡಬ್ಬಿ ತೆರೆದೆ. ಹಳದಿ.

"ಗೊತ್ತಿತ್ತು," ಎಂದರು. ಖುಷಿ ಮಾತ್ರ ಆ ದನಿಯಲ್ಲಿರಲಿಲ್ಲ.

ಈ ವಾರವೇ ಓದಲು ಶುರು ಮಾಡಿದವರಿಗೆ ಒಂದು ಮಾತು: ನಮ್ಮತ್ತಿಗೆ ಹಕ್ಕಿರೋಗದ ಡಾಕ್ಟರು. ಅವರ ಹಳೆಯ ಗುರುಗಳು, ಊರಿಗೆಲ್ಲ ಮೇಷ್ಟ್ರು, ಮಾಂಸದ ಕೋಳಿಗಳ ಕಾಕ್ಸಿ ರೋಗಕ್ಕೆ ಒಂದು ಎಲೆಪುಡಿ ಕಂಡುಹಿಡಿದಿದ್ದಾರೆ. ಅದು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ತೀರ್ಪು ಹೇಳಲು ಅತ್ತಿಗೆಯನ್ನು ಈ ಪರೀಕ್ಷಾ ಫಾರ್ಮಿಗೆ ಕರೆಸಿದ್ದಾರೆ. ಸೀಳಿದ ಕರುಳುಗಳ ಫೋಟೋ ತೆಗೆಯಲು ಅತ್ತಿಗೆ ನನ್ನನ್ನು ಕರೆತಂದಿದ್ದಾರೆ.

ಕಾಕ್ಸಿ ಎಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಪರಾವಲಂಬಿ. ಕೋಳಿಯ ಕರುಳಿನ ಗೋಡೆಯಲ್ಲಿ ಬಾಡಿಗೆ ಕೊಡದೆ ಮನೆ ಮಾಡಿಕೊಂಡು, ಹೋಗುವಾಗ ಮನೆಯನ್ನೇ ಕೆಡವಿಹೋಗುತ್ತದೆ. ಅದು ಕೆಡವಿದ್ದೆಷ್ಟು ಎಂದು ಕರುಳು ಸೀಳಿ ನೋಡಿ ಅಂಕ ಹಾಕಬೇಕು. ಏನೂ ಇಲ್ಲದಿದ್ದರೆ ಸೊನ್ನೆ. ಬಿಳಿ ಗೆರೆಗಳು ಅಲ್ಲೊಂದು ಇಲ್ಲೊಂದು ಇದ್ದರೆ ಒಂದು. ಕರುಳು ಉಬ್ಬಿ ರಕ್ತ ತುಂಬಿಕೊಂಡಿದ್ದರೆ ನಾಲ್ಕು. ಪರೀಕ್ಷೆಯಲ್ಲಿ ಕಡಿಮೆ ಅಂಕ ತೆಗೆದವನೇ ಜಾಣನಾಗುವ ಶಾಲೆ ಇದೊಂದೇ. ನಾನು ಇಲ್ಲಿ ಓದಿದ್ದರೆ ಅಪ್ಪ ಎಷ್ಟು ಸಂತೋಷಪಡುತ್ತಿದ್ದರೋ.

ಕೋಳಿಗಳದು ಮೂರು ಗುಂಪು. ಕೆಂಪು ಬಳೆಯವಕ್ಕೆ ಪರಾವಲಂಬಿ ಕುಡಿಸಿ ಸುಮ್ಮನೆ ಬಿಟ್ಟಿದ್ದರು. ನೀಲಿಯವಕ್ಕೆ ಪರಾವಲಂಬಿ, ಜೊತೆಗೆ ಅಂಗಡಿಯಲ್ಲಿ ಸಿಗುವ ಔಷಧಿ. ಹಳದಿಯವಕ್ಕೆ ಪರಾವಲಂಬಿ, ಜೊತೆಗೆ ಮೇಷ್ಟ್ರ ಪುಡಿ. ಅಂಕ ಹಾಕುವವರಿಗೆ ಬಣ್ಣ ತಿಳಿಯಬಾರದು. ಅದಕ್ಕೇ ಬಳೆ ಬಿಚ್ಚಿ ಡಬ್ಬಿಯಲ್ಲಿ ಮುಚ್ಚಿಟ್ಟಿರುತ್ತಾರೆ.

ಕೆಂಪಿನವು ಮೂರು, ನಾಲ್ಕು ತೆಗೆದಿದ್ದವು. ನೀಲಿಯವು ಒಂದು, ಎರಡು. ಹಳದಿಯವು ಒಂದೂ ಬಿಡದೆ ಎಲ್ಲವೂ ಸೊನ್ನೆ.

"ಮೇಷ್ಟ್ರು ಗೆದ್ದರು ಬಿಡಿ. ಸಿಹಿ ಹಂಚೋಣ," ಎಂದೆ.

"ಬೆಳ್ಳಗಿರೋದೆಲ್ಲ ಹಾಲಲ್ಲ," ಎಂದು ಅತ್ತಿಗೆ ಕೈಗವಸು ಕಿತ್ತು ಹಾಕಿದರು. "ಪರಾವಲಂಬಿ ಒಳಗೆ ಹೋದ ಮೇಲೆ ಎಂಥಾ ಔಷಧಿ ಆದ್ರೂ ಎಲ್ಲೋ ಒಂದು ಗೀರು ಉಳಿದೇ ಉಳಿಯುತ್ತೆ ಕಣೋ. ಮಳೇಲಿ ಕೊಡೆ ಹಿಡ್ಕೊಂಡು ಬಂದೋನಿಗೂ ಪಾದ ಒದ್ದೆ ಆಗಿರುತ್ತೆ. ಇವು ಮಳೆಗೇ ಬಂದಿಲ್ಲ."

ಆಗ ಬಾಗಿಲಲ್ಲಿ ಕೀಲಿಗೊಂಚಲಿನ ಸದ್ದಾಯಿತು. ಬೀಗದಣ್ಣ.

ಫಾರ್ಮಿನ ಅಷ್ಟೂ ಬೀಗಗಳ ಯಜಮಾನ ಅವನು. ಸೊಂಟದಲ್ಲಿ ಗೊಂಚಲು ಜೋತಾಡಿಸಿಕೊಂಡು ಓಡಾಡುತ್ತಾನಾದ್ದರಿಂದ ಅವನು ಎಲ್ಲಿದ್ದಾನೆ ಎಂದು ಯಾರೂ ಹುಡುಕಬೇಕಾಗಿಲ್ಲ. ಪರಾವಲಂಬಿಯ ನೀರನ್ನು ಪ್ರತಿಯೊಂದು ಕೋಳಿಯ ಕೊಕ್ಕಿಗೂ ಹನಿ ಹನಿಯಾಗಿ ಬಿಟ್ಟವನು ಅವನೇ. ಈಗ ಅದೇ ಅವನ ಕುತ್ತಿಗೆಗೆ ಬಂದಿತ್ತು.

ನಿನ್ನೆಯವರೆಗಿನ ಅಂಕಗಳನ್ನು ಕಂಡು ಬೆಳಿಗ್ಗೆಯೇ ಪರೀಕ್ಷಾ ಸಮಿತಿಯ ಅಧಿಕಾರಿ ಫೋನು ಮಾಡಿದ್ದರು. ಅವರ ಲೆಕ್ಕ ಬಹಳ ಸರಳ. ಹಳದಿ ಕೋಳಿಗಳಿಗೆ ರೋಗವೇ ಬಂದಿಲ್ಲ ಎಂದರೆ ಬೀಗದಣ್ಣ ಪರಾವಲಂಬಿಯ ಬದಲು ಬರಿ ನೀರು ಕುಡಿಸಿದ್ದಾನೆ. ಸೋಮಾರಿತನಕ್ಕೋ, ಯಾರದೋ ಮಾತು ಕೇಳಿಯೋ, ಅದು ಬೇಕಾಗಿಲ್ಲ. ಡಾಕ್ಟರು ಸಂಜೆಯೊಳಗೆ ಹಾಗೆಂದು ಬರೆದು ಸಹಿ ಹಾಕಿಬಿಟ್ಟರೆ ಅವನನ್ನು ಕೆಲಸದಿಂದ ತೆಗೆದು, ಇನ್ನಾವ ಫಾರ್ಮಿನವರೂ ಸೇರಿಸಿಕೊಳ್ಳದ ಹಾಗೆ ಮಾಡುತ್ತಾರಂತೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನನಗಂತೂ ಅಧಿಕಾರಿಯ ಮೇಲೆ ಮೈ ಉರಿದುಹೋಗಿತ್ತು.

"ಡಾಕ್ಟ್ರಮ್ಮ," ಎಂದ ಬೀಗದಣ್ಣ. ಒಳಗೆ ಬರಲಿಲ್ಲ. "ನಾನು ಕುಡಿಸಿದ್ದೀನಮ್ಮ. ಒಂದೊಂದಕ್ಕೂ ಕುಡಿಸಿ, ನುಂಗೋವರೆಗೂ ಗಂಟಲು ನೇವರಿಸಿದ್ದೀನಿ. ನೀವು ನಂಬಿದ್ರೆ ಸಾಕು."

"ನಂಬೋದು ಬಿಡೋದು ಆಮೇಲೆ. ಊಟ ಆಯ್ತಾ?"

"ಇಲ್ಲಮ್ಮ."

"ಹೋಗಿ ಮೊದಲು ಊಟ ಮಾಡು. ಹಸಿದ ಹೊಟ್ಟೇಲಿ ಯಾರೂ ಅಪರಾಧಿ ಆಗಬಾರದು."

ಅವನು ನಕ್ಕ. ನಮ್ಮತ್ತಿಗೆಯ ದೊಡ್ಡ ಗುಣ ಇದು. ಎದುರಿಗಿರುವವನ ತಲೆ ಹೋಗುವ ಸಂಗತಿಯಿದ್ದರೂ ಮೊದಲು ಅವನ ಊಟ ವಿಚಾರಿಸುತ್ತಾರೆ. ನಮ್ಮಣ್ಣ ಈ ಮಾತಿಗೇ ಮರುಳಾಗಿ ಮದುವೆಯಾದದ್ದು ಎಂದು ನನ್ನ ಗುಮಾನಿ.

ಬೀಗದಣ್ಣ ಹೋದ ಮೇಲೆ ಅತ್ತಿಗೆ ನನ್ನ ಕ್ಯಾಮೆರಾ ಇಸಿದುಕೊಂಡು ಫೋಟೋಗಳನ್ನು ಒಂದೊಂದಾಗಿ ನೋಡುತ್ತ ಕೂತರು. ಹಿಂದಕ್ಕೆ ಹೋದರು, ಮುಂದಕ್ಕೆ ಬಂದರು. ಆಮೇಲೆ ಕೇಳಿದರು.

"ಎಲ್ಲದರಲ್ಲೂ ಮೇಲಿನ ಗಿಜರ್ಡನ್ನೂ ಸೇರಿಸಿ ತೆಗೆದಿದ್ದೀಯಲ್ಲ, ಯಾಕೆ?"

ಗಿಜರ್ಡ್ ಎಂದರೆ ಕೋಳಿಯ ಗಟ್ಟಿ ಹೊಟ್ಟೆ. ಹಲ್ಲಿಲ್ಲದ ಹಕ್ಕಿಗೆ ಅದೇ ಒರಳು. ತಿಂದದ್ದನ್ನೆಲ್ಲ ಅಲ್ಲಿ ಅರೆದು ಕರುಳಿಗೆ ಕಳಿಸುತ್ತದೆ. ಕರುಳಿಗೆ ಅಂಕ ಹಾಕುವ ಪಂಡಿತರಿಗೆ ಅದು ಬೇಕಾಗಿಲ್ಲ. ಕತ್ತರಿಸಿ ಬಕೆಟ್ಟಿಗೆ ಎಸೆಯುತ್ತಾರೆ. ಮೊದಲ ದಿನ ಅತ್ತಿಗೆ ಎಸೆಯಲು ಹೊರಟಾಗ ತಡೆದವನು ನಾನೇ.

"ಅರ್ಧ ತೆಗೆದ್ರೆ ಅದು ಫೋಟೋನಾ ಅತ್ತಿಗೆ? ಮದುವೆ ಫೋಟೋದಲ್ಲಿ ತಲೆ ಕತ್ತರಿಸಿದ್ರೆ ಬೀಗರು ಸುಮ್ನೆ ಬಿಡ್ತಾರಾ?"

"ಬಾ ಇಲ್ಲಿ," ಎಂದರು. ಮುಖ ಅರಳಿತ್ತು. "ತಟ್ಟೆಗಳೆಲ್ಲ ಇನ್ನೂ ಇವೆ ತಾನೆ?"

ಐಸಿನ ಪೆಟ್ಟಿಗೆಯಲ್ಲಿ ಸಾಲಾಗಿದ್ದವು. ಮೊದಲು ಕೆಂಪು ಗುಂಪಿನ ಒಂದು ಗಿಜರ್ಡನ್ನು ತೆಗೆದು ಮಧ್ಯಕ್ಕೆ ಸೀಳಿದರು. ಒಳಗೆ ಅರೆದ ಮೇವು. ಅದರ ನಡುವೆ ಕಂದು ಬಣ್ಣದ ಚೂರುಗಳು. ಅತ್ತಿಗೆ ಇಕ್ಕಳದಿಂದ ಒಂದು ಚೂರನ್ನು ಎತ್ತಿ ದೀಪಕ್ಕೆ ಹಿಡಿದರು.

"ಭತ್ತದ ಹೊಟ್ಟು. ಶೆಡ್ಡಿನ ನೆಲಕ್ಕೆ ಹಾಸಿರೋದು ಇದನ್ನೇ. ನೆಲದ ಮೇಲಿರೋ ಕೋಳಿ ಮೇವಿನ ಜೊತೆಗೆ ಇದನ್ನೂ ಕುಕ್ಕುತ್ತೆ. ಬೇಡ ಅಂದ್ರೂ ಕೇಳಲ್ಲ."

ನೀಲಿಯದನ್ನು ಸೀಳಿದರು. ಹೊಟ್ಟು. ಇನ್ನೊಂದು ನೀಲಿ. ಹೊಟ್ಟು.

ಹಳದಿಯದನ್ನು ಸೀಳಿದರು. ನುಣ್ಣನೆಯ ಮೇವಿನ ಹಿಟ್ಟು, ಅಷ್ಟೇ. ಗೋಡೆಯೂ ಕೆಂಪಿನವಕ್ಕಿಂತ ತೆಳ್ಳಗಿತ್ತು, ಕೆಲಸ ಮಾಡದವನ ಅಂಗೈಯಂತೆ. ಮತ್ತೊಂದು ಹಳದಿ. ಮತ್ತೂ ಒಂದು. ಕೊನೆಯ ಹಳದಿಯವರೆಗೂ ಸೀಳಿದರು. ಹೊಟ್ಟಿನ ಒಂದು ಚೂರೂ ಇಲ್ಲ.

"ಇವು ನೆಲ ತುಳಿದ ಕೋಳಿಗಳೇ ಅಲ್ಲ," ಎಂದೆ. ಹೇಳಿದ ಮೇಲೆ ನನಗೇ ರೋಮಾಂಚನವಾಯಿತು.

"ತಂತಿ ನೆಲದ ಗೂಡಿನಲ್ಲಿ ಬೆಳೆದವು. ಹಿಕ್ಕೆ ತಂತಿಯಿಂದ ಕೆಳಗೆ ಬಿದ್ದುಹೋಗುತ್ತೆ, ಪರಾವಲಂಬಿ ವಾಪಸ್ಸು ಬಾಯಿಗೆ ಬರೋ ದಾರೀನೇ ಇಲ್ಲ. ಇಂಥ ಗೂಡು ಈ ಫಾರ್ಮಿನಲ್ಲಿ ಎಲ್ಲಿದೆ?"

ಮೇಲಿನ ಶೆಡ್ಡಿನಲ್ಲಿದೆ ಎಂಬುದು ನನಗೂ ಗೊತ್ತಿತ್ತು. ಈ ಮೂರು ಗುಂಪಿನವು ಹುಟ್ಟಿದ ದಿನವೇ ಮೊಟ್ಟೆಯೊಡೆದ, ರೋಗ ಸೋಕಿಸದ ಕೋಳಿಗಳನ್ನು ಬೇಕಾದರೆ ಇರಲಿ ಎಂದು ಅಲ್ಲಿ ಸಾಕಿದ್ದರು. ಅದೇ ವಯಸ್ಸು, ಅದೇ ತೂಕ, ಅದೇ ಬಿಳಿ ಬಣ್ಣ. ಕಾಲಿಗೆ ಹಳದಿ ಬಳೆ ಸಿಕ್ಕಿಸಿಬಿಟ್ಟರೆ ಹೆತ್ತ ತಾಯಿಗೂ ಗುರುತು ಸಿಗುವುದಿಲ್ಲ.

"ಅಂದ್ರೆ ಬೀಗದಣ್ಣ ನೀರು ಕುಡಿಸಿಲ್ಲ! ಯಾರೋ ಕೋಳಿಗಳನ್ನೇ ಬದಲಾಯಿಸಿದ್ದಾರೆ!"

"ಕೂಗಬೇಡ. ಬದಲಾಯಿಸಿದೋನು ಎಂಥೋನು ಹೇಳು. ತೂಕ ಹೊಂದಿಸಿದ್ದಾನೆ, ಬಳೆ ಹೊಂದಿಸಿದ್ದಾನೆ, ಕರುಳು ಹೊಂದಿಸಿದ್ದಾನೆ. ಗಿಜರ್ಡ್ ಮಾತ್ರ ಮರೆತಿದ್ದಾನೆ. ಕೋಳಿ ಅನ್ನೋದು ಕರುಳಿನಿಂದಲೇ ಶುರುವಾಗುತ್ತೆ ಅಂದುಕೊಂಡೋನು. ನನ್ನಂಥೋನು." ಅತ್ತಿಗೆ ನಕ್ಕರು. "ಇಲ್ಲಿ ನನ್ನಂಥೋರು ಇನ್ನಾರು?"

ಉತ್ತರ ತನ್ನಷ್ಟಕ್ಕೆ ತಾನೇ ಚಹಾ ತೆಗೆದುಕೊಂಡು ಒಳಗೆ ಬಂತು.

ಮೇಷ್ಟ್ರ ಅಳಿಯ. ಸೂಕ್ಷ್ಮದರ್ಶಕದ ಕೋಣೆ ಅವನದು. ಹಿಕ್ಕೆಯಲ್ಲಿ ಪರಾವಲಂಬಿಯ ಮೊಟ್ಟೆಗಳೆಷ್ಟಿವೆ ಎಂದು ಎಣಿಸುವುದು ಅವನ ಕೆಲಸ. ಇಡೀ ದಿನ ಕಣ್ಣು ಕಿರಿದು ಮಾಡಿ ಎಣಿಸುವುದರಿಂದಲೋ ಏನೋ, ಎದುರಿಗಿರುವವರನ್ನೂ ಹಾಗೆಯೇ ನೋಡುತ್ತಾನೆ. ಒಳ್ಳೆಯ ಹುಡುಗ. ಚಹಾಕ್ಕೆ ಸಕ್ಕರೆ ಎಷ್ಟು ಹಾಕಬೇಕೆಂದು ಮೊದಲ ದಿನ ಕೇಳಿದವನು ಮತ್ತೆ ಕೇಳಿರಲಿಲ್ಲ.

"ತಗೊಳ್ಳಿ ಅಕ್ಕ. ಮಾವ ಬೆಳಿಗ್ಗೆಯಿಂದ ಕುಣೀತಿದ್ದಾರೆ. ಎಲ್ಲಾ ಸೊನ್ನೆಯಂತೆ!"

"ಬನ್ನಿ ಅಳಿಯಂದ್ರೇ, ಕೂತ್ಕೊಳ್ಳಿ." ಅತ್ತಿಗೆ ಚಹಾ ಹೀರಿದರು. ಆಮೇಲೆ ಎರಡು ತಟ್ಟೆಗಳನ್ನು ಅವನ ಮುಂದೆ ಸರಿಸಿದರು, ಒಂದು ಕೆಂಪು, ಒಂದು ಹಳದಿ. "ಒಂದು ಸಣ್ಣ ಸಂದೇಹ. ಈ ಎರಡು ಗಿಜರ್ಡಿನಲ್ಲಿ ಏನು ವ್ಯತ್ಯಾಸ ಕಾಣುತ್ತೆ?"

ಅವನು ಬಗ್ಗಿದ. ಕಣ್ಣು ಕಿರಿದಾಯಿತು. ಆಮೇಲೆ ಅಗಲವಾಯಿತು.

"ಇದರಲ್ಲಿ ಹೊಟ್ಟಿದೆ. ಇದರಲ್ಲಿ ಇಲ್ಲ."

"ಯಾಕಿಲ್ಲ?"

"ಮೇಲಿನ ಶೆಡ್ಡಿಗೆ ನಾನು ಹೋಗೇ ಇಲ್ಲ ಅಕ್ಕ."

ಮೇಲಿನ ಶೆಡ್ಡಿನ ಹೆಸರನ್ನು ಅಲ್ಲಿ ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇಲ್ಲಿ ಕುಂಬಳಕಾಯಿ ಎನ್ನುವ ಮೊದಲೇ ಹೆಗಲು ಮುಟ್ಟಿಕೊಂಡಿದ್ದ. ಅದು ಅವನಿಗೂ ತಿಳಿಯಿತು. ಕುರ್ಚಿಯಲ್ಲಿ ಕುಸಿದು ಕೂತ.

"ಚಹಾ ಕುಡಿ," ಎಂದರು ಅತ್ತಿಗೆ. "ಕುಡಿದು ಹೇಳು."

"ಕೆಟ್ಟದ್ದಕ್ಕೆ ಮಾಡಿದ್ದಲ್ಲ ಅಕ್ಕ."

"ಕೆಟ್ಟದ್ದಕ್ಕೆ ಅಂತ ಯಾರು ಮಾಡ್ತಾರೆ? ಹೇಳು."

"ಮಾವ ಇಡೀ ಜೀವಮಾನ ಈ ಪುಡಿಗೆ ಸವೆಸಿದ್ದಾರೆ. ಜನ ನಗೋದನ್ನ ನಾನೇ ಕೇಳಿದ್ದೀನಿ. ಅಜ್ಜಿ ಔಷಧಿ ಅಂತಾರೆ. ಅವರಿಗೂ ವಯಸ್ಸಾಯ್ತು, ಇದೇ ಕೊನೇ ಪರೀಕ್ಷೆ. ಒಂದು ಸಲ ಅವರ ಪುಡಿಗೆ ಸೊನ್ನೆ ಬರಲಿ, ಅವರ ಮುಖ ನಾನು ನೋಡಲಿ ಅನ್ನಿಸ್ತು." ಕಣ್ಣು ಒರೆಸಿಕೊಂಡ. "ಕೊಯ್ಯೋಕೆ ಅಂತ ಬುಟ್ಟಿಗೆ ತುಂಬೋ ದಿನ, ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಬದಲಾಯಿಸಿ, ನೇರ ಬುಟ್ಟಿಗೇ ತುಂಬಿದೆ."

"ಬೀಗದಣ್ಣನ ತಲೆ ಮೇಲೆ ಬರುತ್ತೆ ಅಂತ ಹೊಳೀಲಿಲ್ವಾ?"

"ಆಣೆಗೂ ಹೊಳೀಲಿಲ್ಲ. ಬೆಳಿಗ್ಗೆ ಫೋನು ಬಂದಾಗಿನಿಂದ ನಿಮ್ಮ ಹತ್ರ ಹೇಗೆ ಹೇಳೋದು ಅಂತಲೇ ಚಹಾ ತಂದು ತಂದು ಕೊಡ್ತಿದ್ದೀನಿ."

ನಿಜ. ಅದು ಅವತ್ತಿನ ಐದನೆಯದೋ ಆರನೆಯದೋ ಚಹಾ. ನನಗೆ ನಗು ತಡೆಯಲಾಗಲಿಲ್ಲ. ಅತ್ತಿಗೆಯ ಕಣ್ಣು ಕಂಡು ತಡೆದುಕೊಂಡೆ.

"ಅಸಲಿ ಹಳದಿ ಕೋಳಿಗಳನ್ನ ಏನು ಮಾಡಿದೆ?"

"ಇವೆ. ಮೇಲಿನ ಶೆಡ್ಡಿನ ಗೂಡಿನಲ್ಲೇ ಇಟ್ಟಿದ್ದೀನಿ. ಕೊಲ್ಲೋಕೆ ಮನಸ್ಸು ಬರಲಿಲ್ಲ."

ಅತ್ತಿಗೆ ಎದ್ದೇಬಿಟ್ಟರು. ಆಗ ಅವರ ಮುಖ ನೋಡಬೇಕಿತ್ತು. ಕಳ್ಳ ಸಿಕ್ಕಿದ್ದಕ್ಕಿಂತ ಕೋಳಿ ಸಿಕ್ಕಿದ್ದು ಅವರಿಗೆ ದೊಡ್ಡ ಸುದ್ದಿ.

ಮೇಲಿನ ಶೆಡ್ಡು ಹಗಲು ಬೆಳಕಿನಲ್ಲಿ ಚೊಕ್ಕಟವಾಗಿತ್ತು. ತಂತಿಗೂಡುಗಳು ಎರಡು ಸಾಲು. ಮೇಲಿನ ಸಾಲಿನಲ್ಲಿ ಕೋಳಿಗಳು ಕತ್ತು ಹೊರಗೆ ಚಾಚಿ ನಮ್ಮನ್ನೇ ವಿಚಾರಿಸಿದವು. ಬಾಲದ ಗರಿಗಳಲ್ಲಿ ನೆಲದ ಧೂಳಿನ ಬಣ್ಣ ಇನ್ನೂ ಇತ್ತು. ಕೆಳಗಿನ ಸಾಲು ಖಾಲಿ. ಅತ್ತಿಗೆ ಒಂದು ಕೋಳಿಯನ್ನು ಹಿಡಿದು, ಎದೆ ಮುಟ್ಟಿ, ರೆಕ್ಕೆ ಸರಿಸಿ, ಹಿಂಭಾಗದ ಗರಿ ಎತ್ತಿ ನೋಡಿದರು. ಅಂಟಿದ ಹಿಕ್ಕೆಯಿಲ್ಲ, ರಕ್ತವಿಲ್ಲ.

"ಚೆನ್ನಾಗಿದ್ದೀಯಲ್ಲೇ," ಎಂದರು ಕೋಳಿಗೆ.

ಕೆಳಗೆ ತಂದು, ಮಾಡಬೇಕಾದ್ದನ್ನು ನೋಯಿಸದೆ ಮಾಡಿ, ಕರುಳು ಸೀಳಿದರು. ಬೀಗದಣ್ಣನೂ ಊಟ ಮುಗಿಸಿ ಬಂದು ಬಾಗಿಲಿಗೆ ಒರಗಿ ನಿಂತಿದ್ದ. ಅಳಿಯ ಮಾತ್ರ ಗೋಡೆಗೆ ಮುಖ ಮಾಡಿಕೊಂಡಿದ್ದ. ಇಷ್ಟು ದಿನ ಅವನು ನೋಡಲು ಹೆದರಿದ್ದ ಕರುಳು ಇದು.

ಮೇಲಿನ ಭಾಗದಲ್ಲಿ ಸಣ್ಣ ಬಿಳಿ ಗೆರೆಗಳು, ಅಲ್ಲೊಂದು, ಇಲ್ಲೊಂದು. ಅತ್ತಿಗೆ ಬೆರಳಿನಿಂದ ಸವರಿದರು. ನಡುವಿನ ಭಾಗ ಗುಲಾಬಿ ಬಣ್ಣ. ನೀರಿಲ್ಲ, ಕಿತ್ತಳೆಯ ಲೋಳೆಯಿಲ್ಲ. ಕೊನೆಯ ಚೀಲಗಳಲ್ಲಿ ರಕ್ತದ ಸುಳಿವಿಲ್ಲ. ಅಂಚು ನಿಧಾನವಾಗಿ ಸುರುಳಿ ಸುತ್ತಿಕೊಂಡಿತು.

"ಒಂದು," ಎಂದರು.

ಇನ್ನೆರಡು ಕೋಳಿ ತಂದರು. ಒಂದು. ಒಂದು.

"ಲೋ ದಡ್ಡ ಮುಂಡೇದೇ, ಈ ಕಡೆ ತಿರುಗು!" ಅತ್ತಿಗೆಯ ದನಿ ಕೋಣೆ ತುಂಬಿತು. "ಒಂದು ಬಂದಿದೆ ಕಣೋ! ನೀಲಿ ಔಷಧಿಗೆ ಒಂದು, ಎರಡು. ನಿಮ್ಮ ಮಾವನ ಪುಡಿಗೆ ಬರೀ ಒಂದು. ಪರಾವಲಂಬಿ ಹೋಗಿದೆ, ಗೀರಿದೆ, ಅಲ್ಲಿಗೇ ನಿಂತಿದೆ. ಇದಕ್ಕಿಂತ ಗೆಲುವು ಬೇಕಾ? ಸುಮ್ನೆ ಕೈ ಕಟ್ಟಿ ಕೂತಿದ್ರೆ ಮೇಷ್ಟ್ರು ಗೆದ್ದಿರೋರು. ಸೊನ್ನೆ ಮಾಡೋಕೆ ಹೋಗಿ ಬಂಗಾರದಂಥ ಒಂದನ್ನ ಹಾಳು ಮಾಡಿದೆಯಲ್ಲೋ!"

ಅಳಿಯ ತಿರುಗಿದ. ನಗುವೂ ಅಳುವೂ ಒಟ್ಟಿಗೇ ಬಂದು ಯಾವುದಕ್ಕೆ ದಾರಿ ಬಿಡುವುದೆಂದು ತಿಳಿಯದೆ ಬಿಕ್ಕಳಿಸಿದ. ಬೀಗದಣ್ಣ ಬಂದು ಅವನ ಬೆನ್ನು ತಟ್ಟಿದ. ತನ್ನ ಅನ್ನಕ್ಕೇ ಕಲ್ಲು ಹಾಕಲಿದ್ದವನ ಬೆನ್ನು ತಟ್ಟುವ ಮನುಷ್ಯನನ್ನು ನಾನು ಅವತ್ತೇ ಮೊದಲು ನೋಡಿದ್ದು. ನನಗೆ ತುಂಬ ಸಂತೋಷವಾಗಿತ್ತು. ಪುಡಿ ನಿಜ, ಮೇಷ್ಟ್ರು ನಿಜ, ಬೀಗದಣ್ಣ ನಿರಪರಾಧಿ. ಧಾರಾವಾಹಿ ಇಲ್ಲಿಗೇ ಮುಗಿದರೂ ನನ್ನ ತಕರಾರಿರಲಿಲ್ಲ.

ಅತ್ತಿಗೆ ಕೈ ತೊಳೆದು ವರದಿಯ ಹಾಳೆ ಎಳೆದುಕೊಂಡರು.

"ಬೀಗದಣ್ಣ, ಮೊದಲು ನಿನ್ನ ವಿಷಯ ಬರೀತೀನಿ. ಪರಾವಲಂಬಿ ಕುಡಿಸಿದೋನು ತನ್ನ ಕೆಲಸ ಸರಿಯಾಗಿ ಮಾಡಿದ್ದಾನೆ, ಕೋಳಿಗಳ ಬದಲಾವಣೆಯಲ್ಲಿ ಅವನ ಕೈಯಿಲ್ಲ. ಸರಿನಾ?"

ಪೆನ್ನು ಹಾಳೆಯ ಮೇಲೆ ಎರಡು ಪದ ಓಡಿತು. ನಿಂತಿತು.

"ಅಳಿಯಂದ್ರೇ. ಗೂಡಿನಿಂದ ಒಂದು ಕೋಳಿ ತೆಗೆದೆ, ಅದರ ಜಾಗಕ್ಕೆ ಒಂದು ಹಳದಿ ಕೋಳಿ ಇಟ್ಟೆ. ಹಾಗೇ ತಾನೆ?"

"ಹೌದು ಅಕ್ಕ."

"ಹಾಗೆ ಮಾಡಿದ್ರೆ ಯಾವ ಗೂಡೂ ಖಾಲಿಯಾಗಲ್ಲ. ಕೆಳಗಿನ ಸಾಲು ಯಾಕೆ ಖಾಲಿ ಇದೆ?"

"ನಾನು ಹೋದಾಗಲೇ ಖಾಲಿ ಇತ್ತು," ಎಂದ ಅವನು. "ಹಳದಿ ಆವರಣಕ್ಕೆ ನಡುವೆ ಜಾಲರಿ ಇದೆಯಲ್ಲ, ನಾನು ಬಲಗಡೆಯವನ್ನಷ್ಟೇ ಬದಲಾಯಿಸಿದ್ದು. ಎಲ್ಲಾ ಸೊನ್ನೆ ಬಂದ್ರೆ ಯಾರೂ ನಂಬಲ್ಲ ಅಂತ ನನಗೂ ಗೊತ್ತು ಅಕ್ಕ, ನಾನೂ ಕರುಳು ಓದಿದೋನೇ. ಅರ್ಧ ಸೊನ್ನೆ, ಉಳಿದರ್ಧ ಎಷ್ಟು ಬರುತ್ತೋ ಅಷ್ಟು ಬರಲಿ ಅಂತ ಬಿಟ್ಟೆ. ಎಡಗಡೆಯವಕ್ಕೂ ಸೊನ್ನೆ ಬಂದಾಗ ಮಾವನ ಪುಡಿ ಪವಾಡ ಅಂತಲೇ ಅಂದುಕೊಂಡೆ."

ಎಡಗಡೆಯವುಗಳ ಗಿಜರ್ಡನ್ನೂ ನಾವು ಸೀಳಿದ್ದೆವು. ಅವುಗಳಲ್ಲೂ ಹೊಟ್ಟಿರಲಿಲ್ಲ. ಅವನ್ನೂ ಯಾರೋ ಬದಲಾಯಿಸಿದ್ದರು.

ಬೀಗದಣ್ಣ ಅಳಿಯನ ಬೆನ್ನ ಮೇಲಿನ ಕೈ ತೆಗೆದ.

"ಬರೀಬೇಡಿ ಅಮ್ಮ," ಎಂದ. "ನನ್ನ ಕೈಯಿಲ್ಲ ಅಂತ ಮಾತ್ರ ಬರೀಬೇಡಿ. ಎಡಗಡೆಯವನ್ನ ಬದಲಾಯಿಸಿದೋನು ನಾನೇ."

ನನ್ನ ಸಂತೋಷ ಕೈಜಾರಿದ ಲೋಟದಂತೆ ಬಿತ್ತು. ಅತ್ತಿಗೆ ಪೆನ್ನು ಕೆಳಗಿಟ್ಟರು.

"ಗಿಜರ್ಡಿನಲ್ಲಿ ಹೊಟ್ಟು ಇರುತ್ತೆ ಅಂತ ನಿನಗೆ ಗೊತ್ತಿರಲಿಲ್ವಾ?"

"ಗೊತ್ತಿಲ್ದೆ ಏನಮ್ಮ, ಮನೇಲಿ ತೊಳ್ಕೊಡೋನು ನಾನೇ. ಆದ್ರೆ ಡಾಕ್ಟ್ರುಗಳು ಅದನ್ನ ಬಕೆಟ್ಟಿಗೆ ಎಸೀತಾರಲ್ಲ, ತೆಗೆದು ನೋಡ್ತೀರ ಅಂದುಕೊಂಡಿರಲಿಲ್ಲ."

ಕರುಳಿನಿಂದಲೇ ಕೋಳಿ ಶುರುವಾಗುತ್ತೆ ಎಂದುಕೊಂಡವನ ಕೆಲಸ ಎಂದು ಅತ್ತಿಗೆ ಹಾಕಿದ್ದ ಲೆಕ್ಕ ಅರ್ಧಕ್ಕೆ ತಪ್ಪಿತ್ತು. ಅವರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

"ಅಸಲಿ ಕೋಳಿಗಳೆಲ್ಲಿ?"

"ಸತ್ತವು."

"ಕಾಕ್ಸಿಯಿಂದ?"

"ಅಲ್ಲಮ್ಮ. ಕಾಕ್ಸಿ ಬಂದ ಕೋಳಿ ಮುದುಡಿ ಕೂರುತ್ತೆ, ಹಿಕ್ಕೆಯಲ್ಲಿ ರಕ್ತ ಹೋಗುತ್ತೆ. ಇವು ಹಿಂದಿನ ಸಂಜೆ ಚೆನ್ನಾಗಿ ಓಡಾಡ್ತಿದ್ವು. ಬುಟ್ಟಿಗೆ ತುಂಬೋ ದಿನ ಬೆಳಿಗ್ಗೆ ಬಾಗಿಲು ತೆಗೆದ್ರೆ ಜಾಲರಿಯ ಎಡಗಡೆ ಎಲ್ಲವೂ ಒಟ್ಟಿಗೇ ಬಿದ್ದಿದ್ವು. ಬಲಗಡೆ ಒಂದಕ್ಕೂ ಏನೂ ಆಗಿರಲಿಲ್ಲ. ಸುಣ್ಣ ಹಾಕಿ ಹೂತುಬಿಟ್ಟು, ಮೇಲಿನ ಶೆಡ್ಡಿನವನ್ನ ತಂದು ನೇರ ಬುಟ್ಟಿಗೇ ತುಂಬಿದೆ. ಯಾರಿಗೂ ಹೇಳಲಿಲ್ಲ."

"ಎರಡೂ ಕಡೆಗೆ ಮೇವು ಒಂದೇ?"

"ಒಂದೇ. ನೀರಿನ ಪಾತ್ರೆ ಬೇರೆ ಬೇರೆ."

ಅತ್ತಿಗೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ದನಿ ಮೆತ್ತಗಾಯಿತು. "ಎಡಗಡೆಯ ಪಾತ್ರೆಗೆ ಆ ಸಂಜೆ ಯಾರಾದ್ರೂ ಏನಾದ್ರೂ ಹಾಕಿದ್ರಾ?"

ಬೀಗದಣ್ಣ ಕೀಲಿಗೊಂಚಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ, ಸದ್ದಾಗದ ಹಾಗೆ.

"ಮೇಷ್ಟ್ರು ಬಂದಿದ್ರು. ಕೈಯ್ಯಾರೆ ಪುಡಿ ಕದಡಿದ್ರು. ಮೇವಿನಲ್ಲಿ ಇರೋದು ಸಾಲದು, ಪಾಪ, ಇವಕ್ಕೆ ಇನ್ನೂ ಸ್ವಲ್ಪ ಜಾಸ್ತಿ ಇರಲಿ ಬಿಡು ಅಂತ ನಕ್ಕರು. ಮೊಮ್ಮಕ್ಕಳಿಗೆ ತುತ್ತು ಕೊಡೋ ಹಾಗೆ. ಬೆಳಿಗ್ಗೆ ಆ ಹೆಣಗಳನ್ನ ಅವರಿಗೆ ಹೇಗಮ್ಮ ತೋರಿಸ್ಲಿ? ಅವರು ಕೊಟ್ಟಿದ್ದೇ ಕೊಂದಿದೆ ಅಂತ ಗೊತ್ತಾದ್ರೆ ಅವರು ಉಳೀತಾರಾ?"

ನಾನು ಅತ್ತಿಗೆಯ ಮುಖ ನೋಡಿದೆ. ಅತಿಯಾದರೆ ಅಮೃತವೂ ವಿಷ ಎಂದು ಅವರಿಗೆ ಪಾಠ ಹೇಳಿಕೊಟ್ಟವರೇ ಆ ಮೇಷ್ಟ್ರು.

"ಈ ಪುಡಿ ನಾಳೆ ಸಾವಿರ ಶೆಡ್ಡಿಗೆ ಹೋಗುತ್ತೆ ಬೀಗದಣ್ಣ," ಎಂದರು ಅತ್ತಿಗೆ. "ಇನ್ನೂ ಸ್ವಲ್ಪ ಜಾಸ್ತಿ ಇರಲಿ ಬಿಡು ಅನ್ನದೇ ಇರೋ ಒಬ್ಬ ಕೋಳಿ ಸಾಕೋನನ್ನ ತೋರಿಸು ನನಗೆ."

"ಅದನ್ನ ನೀವು ಹೇಗಾದ್ರೂ ಸರಿ ಮಾಡ್ತೀರಿ. ನನಗೆ ಗೊತ್ತು." ಅವನು ಬಗ್ಗಿ, ಆ ಹಾಳೆಯನ್ನು ಅತ್ತಿಗೆಯ ಕಡೆಗೆ ಮತ್ತೆ ಸರಿಸಿದ. "ಇವತ್ತಿಗೆ ಅಧಿಕಾರಿ ಹೇಳಿದ್ದನ್ನೇ ಬರ್ಕೊಳ್ಳಿ ಅಮ್ಮ. ಬೀಗದಣ್ಣ ಸೋಮಾರಿ, ಬರಿ ನೀರು ಕುಡಿಸಿದ. ಪರೀಕ್ಷೆ ರದ್ದಾಗುತ್ತೆ, ಅಷ್ಟೇ. ಮೇಷ್ಟ್ರಿಗೆ ಗೊತ್ತಾಗೋದು ಬೇಡ."

ಅತ್ತಿಗೆಯ ಕಣ್ಣು ತುಂಬಿ ಬಂದದ್ದನ್ನು ನಾನು ನೋಡಿದೆ. ಇಷ್ಟು ವರ್ಷದಲ್ಲಿ ನೋಡಿರಲಿಲ್ಲ.

ಅಂಗಳದಲ್ಲಿ ಚಪ್ಪಲಿಯ ಸದ್ದಾಯಿತು. ಬಾಗಿಲು ತೆರೆದುಕೊಂಡಿತು. ಮೇಷ್ಟ್ರು, ಒಗೆದ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು, ಶಾಲೆಯ ಮೊದಲ ದಿನದ ಮಗುವಿನಂತೆ ನಗುತ್ತ ನಿಂತಿದ್ದರು. ಮೇಜಿನ ಮೇಲೆ ಎರಡೇ ಪದ ಬರೆದಿದ್ದ ಹಾಳೆ ಅವರ ಕಣ್ಣಿಗೆ ಬಿತ್ತು.

"ಇನ್ನೂ ಬರೆದಿಲ್ವೇನಮ್ಮ?" ಎಂದರು. "ಬರಿ, ಬರಿ. ನನ್ನೆದುರಿಗೇ ಬರಿ. ನಾನು ಕೂತು ನೋಡ್ತೀನಿ."

ಅತ್ತಿಗೆ ಪೆನ್ನು ಎತ್ತಿಕೊಂಡರು.